ನಳಿನಿಯ ಷಡ್ಜ

ನುಡಿಸಿದ ಸ್ವರ ತಾನಾಗಿ ಸಾಯುವುದಿಲ್ಲವಲ್ಲ, ಕಿಟಕಿ ತೆರೆದು ಹೊರಗೆ ಬಿಡಬೇಕು. ತಾಲೀಮು ಮುಗಿದೊಡನೆ ಅದು ಪ್ರಲ್ಹಾದನ ಕೆಲಸ. ಆದರೆ ಹೆಂಡತಿ ನಳಿನಿ ಹಾರ್ಮೋನಿಯಂ ನುಡಿಸುತ್ತಲೇ ಕುಸಿದು ತೀರಿಕೊಂಡ ಮೇಲೆ ಅವನು ಕಿಟಕಿ ಮುಟ್ಟಿರಲಿಲ್ಲ. ಅವಳು ಕೊನೆಗೆ ಹಿಡಿದ ಷಡ್ಜ ಕೋಣೆಯಲ್ಲೇ ಗುಂಯ್‌ಗುಡುತ್ತಿತ್ತು. ತಂಡದವರು, ಸ್ವರ ಹೊರಹೋಗದಂತೆ ಬಾಗಿಲಿಗೆ ಇಳಿಬಿಟ್ಟ ಕಂಬಳಿಯಡಿ ನುಸುಳಿ ಬಂದು ಕೇಳಿ ಹೋಗುತ್ತಿದ್ದರು. ಯಾರೂ ನುಡಿಸಲಿಲ್ಲ.

ಇವತ್ತು ಅವಳ ವರ್ಷಾಬ್ದಿಕ. “ಆಕಿ ಜೋಡಿ ಒಮ್ಮೆ ಬಾರಸೂಣು ಬಾರೋ” ಎಂದು ಗೆಳೆಯ ಕಲ್ಲಪ್ಪ ಗಿಟಾರ್ ಎತ್ತಿಕೊಂಡ. ರಾಗವಿಲ್ಲ, ತಾಳವಿಲ್ಲ, ಅವಳ ಹಾರ್ಮೋನಿಯಂನಲ್ಲೇ ಕೈಗೆ ತೋಚಿದ್ದನ್ನು ಆ ಷಡ್ಜದ ಸುತ್ತ ನುಡಿಸುತ್ತಾ ಪ್ರಲ್ಹಾದ ಮೈಮರೆತ. ಎಷ್ಟೋ ದಿನಕ್ಕೆ ನಕ್ಕ. ನಗುತ್ತಲೇ ಎದ್ದು, ಹಳೇ ರೂಢಿಯಂತೆ ಕಿಟಕಿ ತೆರೆದುಬಿಟ್ಟ.

“ಏ ಪ್ರಲ್ಹಾದಾ, ಕಿಡಕಿ!”

ದಡಾರನೆ ಮುಚ್ಚಿದ. ಷಡ್ಜ ಹೊರಟುಹೋಗಿತ್ತು. ಒಳಗೆ ಸಿಕ್ಕಿಕೊಂಡ ಯಾವುದೋ ಆಟೋದ ಹಾರ್ನ್ ಒಂದೇ ಸಮನೆ ಕೂಗುತ್ತಿತ್ತು.