ಹರಿಗೋಲಿನಲ್ಲಿ ಒಬ್ಬಳೇ

ರಸ್ತೆಗೆ ಟಾರು ಹಾಕುವ ವಾಸನೆ ಬಂದರೆ ಈಗಲೂ ನನ್ನ ಮೊಣಕಾಲು ತಾನಾಗಿಯೇ ಮಡಚಿಕೊಳ್ಳಲು ನೋಡುತ್ತದೆ.

ಮಧುಗಿರಿ ಹತ್ತಿರದ ನಮ್ಮೂರ ಕೆರೆ ನಾನು ಚಿಕ್ಕವಳಿದ್ದಾಗ ಒಂದು ವರ್ಷ ತುಂಬಿತ್ತು. ಮೀನು ಹಿಡಿಯುತ್ತಿದ್ದ ಅಜ್ಜಿ ತನ್ನ ಹರಿಗೋಲಿನ ತಳಕ್ಕೆ ಹೊಸದಾಗಿ ಟಾರು ಬಳಿದು, ಒಂದು ಮಧ್ಯಾಹ್ನ ಅದರಲ್ಲಿ ನನ್ನೊಬ್ಬಳನ್ನೇ ಕೂರಿಸಿದಳು. ನೀರಿಗೆ ಬಿದ್ದರೂ ತೇಲಲೆಂದು ಸೊಂಟಕ್ಕೆ ಎರಡು ಒಣ ಸೋರೆಬುರುಡೆ ಕಟ್ಟಿ, ಕೈಗೆ ಹುಟ್ಟು ಕೊಟ್ಟಳು.

"ಮೊಣಕಾಲೂರಿ ಕುಂತ್ಕೊ. ಹುಟ್ಟು ಮುಂದಕ್ಕಾಕು, ಪಕ್ಕಕ್ಕಾಕಿದ್ರೆ ಸುತ್ತುತ್ತೆ. ಏನೇ ಆದ್ರೂ ಎದ್ದು ನಿಲ್ಬ್ಯಾಡ ಕಣಮ್ಮ" ಎಂದವಳು ಬೆನ್ನು ತಿರುಗಿಸಿ ಬಲೆ ಹೆಣೆಯಲು ಕೂತಳು.

ನಡುನೀರಿನಲ್ಲಿ ನನ್ನ ಹುಟ್ಟು ಪಕ್ಕಕ್ಕೇ ಬಿತ್ತು. ಹರಿಗೋಲು ಬುಗುರಿಯಾಯಿತು. ಬೋಳು ಬೆಟ್ಟ, ಮೋಡ, ಅಜ್ಜಿಯ ಬೆನ್ನು, ಎಲ್ಲವೂ ನನ್ನ ಸುತ್ತ ತೇಲತೊಡಗಿದವು. "ಅಜ್ಜೀ!" ಎಂದು ಕೂಗಿ ಏಳಹೊರಟವಳು ಮತ್ತೆ ಮೊಣಕಾಲೂರಿದೆ. ಕಣ್ಣು ಮುಚ್ಚಿಕೊಂಡು ಎಷ್ಟೋ ಹೊತ್ತು ಹುಟ್ಟನ್ನು ಮುಂದಕ್ಕೇ ಹಾಕಿದೆ. ಬೆಟ್ಟ ನಿಂತಿತು.

ದಡ ಮುಟ್ಟಿದಾಗ ಅಜ್ಜಿ ಬಲೆಯಿಂದ ತಲೆ ಎತ್ತಲಿಲ್ಲ. ಅವಳ ಸೀರೆ ಎದೆಯವರೆಗೂ ಒದ್ದೆಯಾಗಿತ್ತು.

"ಯಾಕಜ್ಜಿ ಇಂಗೆ ನೆಂದ್ಬುಟ್ಟಿದ್ದೀಯ?"

"ಸೆಕೆ ಕಣಮ್ಮ" ಅಂದಳು. "ನಾಳೆ ಆಚೆ ದಡ ಮುಟ್ಕೊಂಡು ಬಾ."