ತಿಳಿದವಳು

ತನಿಖೆಯವರು ಕಂಪ್ಯೂಟರುಗಳ ವೈರು ಕೀಳುತ್ತಿದ್ದರೆ ಚಿಕ್ಕಪ್ಪ ಮೂಲೆಯ ಕುರ್ಚಿಯಲ್ಲಿ ತಲೆ ಮೇಲೆ ಕೈ ಹೊತ್ತು ಕುಳಿತಿದ್ದರು. ಎದುರಿಗಿದ್ದ ಟೀ ತಣ್ಣಗಾಗಿ ಕೆನೆಗಟ್ಟಿತ್ತು.

“ವಕೀಲಮ್ಮ, ಇವರೆಲ್ಲ ಏನು ಕೇಳ್ತಿದ್ದಾರೆ? ನನಗೊಂದೂ ತಲೆಗೆ ಹೋಗ್ತಿಲ್ಲ,” ಎಂದರು.

ಅವಳು ಅವರಿಗೆ ಅಡ್ಡವಾಗಿ ನಿಂತಳು. “ಅವರನ್ನ ಬಿಟ್ಟುಬಿಡಿ ಮೇಡಂ. ಏನು ಕೇಳೋದಿದ್ರೂ ನನ್ನನ್ನ ಕೇಳಿ.”

ತನಿಖಾಧಿಕಾರಿ ಕನ್ನಡಕದ ಮೇಲಿನಿಂದ ನೋಡಿದರು. “ನೀವು ಯಾರು?”

“ಇವರ ಅಣ್ಣನ ಮಗಳು. ಈ ಕಂಪನಿಯ ನಿರ್ದೇಶಕಿ.”

ವಕೀಲಮ್ಮ ಎಂಬುದು ಚಿಕ್ಕಪ್ಪ ಇಟ್ಟ ಅಡ್ಡಹೆಸರು. ಅವಳೇನೂ ವಕೀಲೆಯಲ್ಲ, ಹಣಕಾಸು ಮತ್ತು ಕಾನೂನನ್ನು ಒಟ್ಟಿಗೆ ಕಲಿಸುವ ಸ್ನಾತಕೋತ್ತರ ಕೋರ್ಸಿನ ಕೊನೆಯ ವರ್ಷದಲ್ಲಿದ್ದಳು. ಅಪ್ಪ, ಅಮ್ಮ ಒಂದೇ ಅಪಘಾತದಲ್ಲಿ ಹೋದಾಗ ಆಸ್ಪತ್ರೆಯ ಮೆಟ್ಟಿಲಿಂದಲೇ ಕೈಹಿಡಿದು ಮನೆಗೆ ಕರೆತಂದವರು ಚಿಕ್ಕಪ್ಪ. ಪದವಿ ಮುಗಿದ ಮೇಲೆ ಕೆಲಸ ಹುಡುಕುತ್ತೇನೆಂದು ಹೊರಟವಳನ್ನು ತಡೆದವರೂ ಅವರೇ.

“ಕೆಲಸ ಎಲ್ಲಿಗೆ ಓಡಿಹೋಗುತ್ತೆ? ಮುಂದೆ ಓದು. ನನ್ನ ಓದು ನಾಲ್ಕನೇ ಕ್ಲಾಸಿಗೇ ಮುಗೀತು. ನಮ್ಮ ಕಂಪನಿಗೂ ತಿಳಿದವರು ಅಂತ ಒಬ್ಬರು ಬೇಡವಾ?”

ಆ ಕೋರ್ಸಿನ ಮೇಲೆ ಪುಟ್ಟನಿಗೂ ಆಸೆಯಿತ್ತು. ಪುಟ್ಟ ಚಿಕ್ಕಪ್ಪನ ಒಬ್ಬನೇ ಮಗ. ಮೀಸೆ ಬಂದು ಎಷ್ಟೋ ವರ್ಷವಾದರೂ ಹೆಸರು ಮಾತ್ರ ಪುಟ್ಟ. ಪ್ರವೇಶ ಪರೀಕ್ಷೆಯಲ್ಲಿ ಅವಳಿಗಿಂತ ಒಳ್ಳೆಯ ಅಂಕವನ್ನೇ ತೆಗೆದಿದ್ದ. ಚಿಕ್ಕಪ್ಪ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ನಿನಗ್ಯಾಕೋ ಅದೆಲ್ಲ? ಸಿಮೆಂಟ್ ಲಾರಿ ಬಂತಾ, ಇಳಿಸಿದ್ರಾ, ಅಷ್ಟು ನೋಡ್ಕೊಂಡಿರು.” ಪುಟ್ಟ ಅಳು ನುಂಗಿಕೊಂಡು ಸೈಟಿಗೆ ಹೋದ. ಅಡುಗೆಮನೆಯಲ್ಲಿ ಚಿಕ್ಕಮ್ಮ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಮರುದಿನದಿಂದ ಮಾತ್ರ ಅವರು ಆ ವಿಷಯಕ್ಕೆ ತುಟಿ ಬಿಚ್ಚಲಿಲ್ಲ. ಬಡಿಸುವಾಗ ಅವಳನ್ನು ಕಣ್ಣೆತ್ತಿ ನೋಡುವುದನ್ನೂ ಬಿಟ್ಟರು. ಹೊಟ್ಟೆಕಿಚ್ಚು, ಪಾಪ, ಎಂದುಕೊಂಡಳು ಅವಳು.

ಕಂಪನಿಯದು ನಿವೃತ್ತರಿಂದ ಮುಂಗಡ ಪಡೆದು ಮನೆ ಕಟ್ಟಿಕೊಡುವ ಕೆಲಸ. ಅವಳು ಕೋರ್ಸಿಗೆ ಸೇರಿದ ವಾರವೇ ಚಿಕ್ಕಪ್ಪ ತಮ್ಮ ಜಾಗದಲ್ಲಿ ಅವಳನ್ನು ನಿರ್ದೇಶಕಿಯಾಗಿ ಕೂರಿಸಿದರು. ಸಂಜೆ ಕ್ಲಾಸು ಮುಗಿಸಿ ಬಂದರೆ ಅಕೌಂಟೆಂಟ್ ಕಾಗದಗಳ ರಾಶಿ ಹಿಡಿದು ಕಾಯುತ್ತಿದ್ದ. ಮೊದಮೊದಲು ಅವಳು ಸಾಲು ಸಾಲು ಓದಿದಳು. ಪರೀಕ್ಷೆಗಳು ಬಂದಾಗ ಪುಟ ತಿರುವಿ ಸಹಿ ಹಾಕಿದಳು. ಒಮ್ಮೆ, ಮುಂಗಡವೆಲ್ಲ ಬೇರೊಂದು ಸಂಸ್ಥೆಗೆ ಯಾಕೆ ಹೋಗುತ್ತಿದೆ ಎಂದು ಕೇಳಿದ್ದಳು. ಜಾಗ ಕೊಳ್ಳುವುದಕ್ಕೆ ಎಂದ ಅಕೌಂಟೆಂಟ್.

“ನಿನಗೆ ಸರಿ ಅನ್ನಿಸಿದ್ರೆ ಮಾತ್ರ ಹಾಕು,” ಎಂದಿದ್ದರು ಚಿಕ್ಕಪ್ಪ. “ನನ್ನನ್ನ ಕೇಳಿದ್ರೆ ನಾನೇನು ಹೇಳಲಿ?” ಆಮೇಲೆ ರಾಶಿಯಿಂದ ಒಂದು ಹಾಳೆ ಎಳೆದು, ಬೆರಳಿಟ್ಟು ತೋರಿಸಿದ್ದರು. “ಇಲ್ಲೊಂದು ಸಹಿ ಬಿಟ್ಟಿದ್ದೀಯಲ್ಲ ಮಗಳೇ.”

ಈಗ ಸೈಟಿನಲ್ಲಿ ಬರೀ ತಳಪಾಯ. ಕಚೇರಿಯ ಗೇಟಿನ ಹೊರಗೆ ಬಿಸಿಲಲ್ಲಿ ನಿಂತ ನಿವೃತ್ತರು. ಅಕೌಂಟೆಂಟ್ ಫೋನ್ ಆಫ್ ಮಾಡಿ ಪರಾರಿ. ಎಲ್ಲಾ ಅವನದೇ ಕೈವಾಡ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಮೊದಲು ಚಿಕ್ಕಪ್ಪನನ್ನು ಉಳಿಸಬೇಕು. ದಾರಿ ಅವಳಿಗೆ ಗೊತ್ತಿತ್ತು. ಪ್ರೊಫೆಸರ್ ಕ್ಲಾಸಿನಲ್ಲಿ ಹೇಳಿದ್ದರು: ಗೊತ್ತಿರಲಿಲ್ಲ ಅಂತ ಯಾರಾದರೂ ಅಂದರೆ ನ್ಯಾಯಾಲಯ ಮೊದಲು ನೋಡುವುದು, ಗೊತ್ತಾಗುವಷ್ಟು ತಿಳಿವಳಿಕೆ ಆ ಮನುಷ್ಯನಿಗೆ ಇತ್ತೇ ಎಂದು.

“ಚಿಕ್ಕಪ್ಪನಿಗೆ ಈ ಕಾಗದಗಳೆಲ್ಲ ಅರ್ಥ ಆಗಲ್ಲ ಮೇಡಂ,” ಎಂದಳು. “ಓದಿ ಹೇಳ್ತಿದ್ದವಳು ನಾನು.”

“ಎಲ್ಲಾ ಓದೇ ಸಹಿ ಮಾಡಿದ್ರಾ?”

ಹಿಂದೆ ಚಿಕ್ಕಪ್ಪ ಬಿಕ್ಕಿದ್ದು ಕೇಳಿಸಿತು.

“ಹೌದು.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಏನು ಓದ್ತಿದ್ದೀರಿ ನೀವು?”

ಅವಳು ಹೇಳಿದಳು. ಕೋರ್ಸಿನ ಹೆಸರು ಹೇಳುವಾಗ ಎಂದಿನಂತೆ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಚಿಕ್ಕಪ್ಪನನ್ನು ಅಂದೇ ಮನೆಗೆ ಕಳಿಸಿದರು. ಅವಳಿಗೆ ಜಾಮೀನು ಸಿಗಲಿಲ್ಲ.

ಕಾನೂನು ನೆರವಿನಿಂದ ಅವಳ ಪರ ನಿಂತ ವಕೀಲರು ಕಡತ ಮುಚ್ಚಿ ನಿಟ್ಟುಸಿರು ಬಿಟ್ಟರು. “ಏನೂ ಅರಿಯದ ಹುಡುಗಿ, ನಂಬಿ ಸಹಿ ಹಾಕಿದ್ಲು ಅಂತ ವಾದ ಮಾಡೋಣ ಅಂದ್ರೆ ಅದೂ ಆಗಲ್ಲವಲ್ಲಮ್ಮ. ನೀನು ಓದಿದ್ದೇ ನಿನಗೆ ಉರುಳು.”

ಪರೀಕ್ಷೆಗೆ ಕೂರಲಾಗಲಿಲ್ಲ. ವಿಶ್ವವಿದ್ಯಾಲಯದವರು ಹೆಸರು ತೆಗೆದುಹಾಕಿದರು. ಗೆಳತಿಯರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಚಿಕ್ಕಪ್ಪನಂತೂ ಒಮ್ಮೆಯೂ ಬರಲಿಲ್ಲ. ತನ್ನನ್ನು ಈ ಸ್ಥಿತಿಯಲ್ಲಿ ನೋಡುವ ಧೈರ್ಯ ಅವರಿಗೆಲ್ಲಿಂದ ಬರಬೇಕು ಎಂದು ಅವಳೇ ಸಮಾಧಾನ ಹೇಳಿಕೊಂಡಳು. ಅವರಾದರೂ ಹೊರಗಿದ್ದಾರಲ್ಲ. ಆ ಅಕೌಂಟೆಂಟನನ್ನು ಇಂದಲ್ಲ ನಾಳೆ ಹುಡುಕಿ ಎಳೆತರುತ್ತಾರೆ.

ಬಂದವನು ಪುಟ್ಟ. ಮನೆಯಲ್ಲಿ ಹೇಳದೆ ಬಂದಿದ್ದ. ಜಾಲರಿಯ ಆಚೆ ಕುಳಿತು ಬಹಳ ಹೊತ್ತು ಬರೀ ಅತ್ತ.

“ನಾನೂ ಆ ಕೋರ್ಸ್ ಓದಿದ್ದಿದ್ರೆ ಹೇಗಾದ್ರೂ ಮಾಡಿ ನಿನ್ನ ಬಿಡಿಸ್ತಿದ್ದೆ ಅಕ್ಕ,” ಎಂದ ಕಣ್ಣೊರೆಸಿಕೊಳ್ಳುತ್ತ. “ಅಮ್ಮ ಅವತ್ತು ಅಪ್ಪನ ಹತ್ರ ಎಷ್ಟು ಜಗಳ ಆಡಿದ್ಲು ಗೊತ್ತಾ, ಇವನನ್ನೂ ಸೇರಿಸಿ ಅಂತ. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ. ಅಪ್ಪ ಅಂದ ಮಾತು ನನಗೆ ಇವತ್ತಿಗೂ ಅರ್ಥ ಆಗಿಲ್ಲ.”

“ಏನಂದ್ರು?”

“‘ಹುಚ್ಚಿ, ಹೆತ್ತ ಮಗನನ್ನ ಓದಿಸಿ ಜೈಲಿಗೆ ಕಳಿಸ್ಲಾ?’ ಅಂದ್ರು.”