ಸಾಲಿನಲ್ಲಿ ನಿಂತ ವೈರ್ ಬುಟ್ಟಿ

ಪುಟ್ಟಗೌರಮ್ಮನವರು ಎಲ್ಲಿಗೆ ಹೊರಟರೂ ಕೈಯಲ್ಲಿ ಆ ವೈರ್ ಬುಟ್ಟಿ ಇರಲೇಬೇಕು. ಕೆಂಪು, ಹಸಿರು ವೈರಿನಲ್ಲಿ ತಾವೇ ಕೂತು ಹೆಣೆದದ್ದು...

ಆ ಭಾನುವಾರ ಮೊಮ್ಮಗಳು ಸಿಂಚನಳನ್ನು ಕರೆದುಕೊಂಡು ಮೈಸೂರಿನ ಹೊರಗಿನ ಅಮ್ಯೂಸ್‌ಮೆಂಟ್ ಪಾರ್ಕಿಗೆ ಬಂದಾಗಲೂ ಅಷ್ಟೇ.

"ಅಜ್ಜೀ, ಇದನ್ಯಾಕೆ ತಂದೆ? ಎಲ್ಲರೂ ನಗ್ತಾರೆ!"

"ನಗಲಿ ಬುಡು. ನಗೋಕೆ ತಾನೇ ಎಲ್ಲರೂ ಟಿಕೆಟ್ ತಗೊಂಡು ಬಂದಿರೋದು!"

ಸಿಂಚನಳಿಗೆ ಹನ್ನೆರಡು ವರ್ಷ. ನೋಡಲು ಎಲ್ಲ ಮಕ್ಕಳ ಹಾಗೇ... ಆದರೆ ಮಂಡಿಯಲ್ಲಿ, ಪಾದದ ಕೀಲುಗಳಲ್ಲಿ ಚಿಕ್ಕಂದಿನಿಂದಲೂ ವಾತ. ನಡೆಯುತ್ತಾಳೆ, ಹರಟುತ್ತಾಳೆ. ಒಂದೇ ಕಡೆ ನಿಂತರೆ ಮಾತ್ರ ಕಾಲು ಉರಿಯತೊಡಗುತ್ತದೆ.

ಗೆಳತಿಯರೆಲ್ಲ ಹತ್ತಿ ಬಂದು ಕಥೆ ಹೇಳಿದ್ದ ಆ ದೊಡ್ಡ ತೂಗುದೋಣಿಯನ್ನು ತಾನೂ ಒಂದು ಸಲ ಹತ್ತಬೇಕು... ಅವಳ ಆಸೆ ಅಷ್ಟೇ.

ದೋಣಿಯ ಮುಂದೆ ಸಾಲು ಸುತ್ತಿ ಸುತ್ತಿ ಬೆಳೆದಿತ್ತು. ಅಜ್ಜಿ, ಮೊಮ್ಮಗಳು ಕೊನೆಯಲ್ಲಿ ನಿಂತರು. ಅವರ ಹಿಂದೆ ಹಳದಿ ಟೀ ಶರ್ಟು ತೊಟ್ಟ, ದಪ್ಪ ಮೀಸೆಯ ಒಬ್ಬರು ಹೆಂಡತಿ ಮಕ್ಕಳೊಂದಿಗೆ ಬಂದು ನಿಂತರು.

ಸ್ವಲ್ಪ ಹೊತ್ತಿಗೇ ಸಿಂಚನ ತುಟಿ ಕಚ್ಚತೊಡಗಿದಳು. ಪುಟ್ಟಗೌರಮ್ಮ ಸಾಲು ನೋಡಿಕೊಳ್ಳುತ್ತಿದ್ದ ರೇಷ್ಮಾ ಎಂಬ ಹುಡುಗಿಯನ್ನು ಕರೆದು ಮೊಮ್ಮಗಳ ಕಾರ್ಡ್ ತೋರಿಸಿದರು.

"ಅಂಗವಿಕಲರ ಕಾರ್ಡ್ ಇದ್ರೆ ಸಾಲಲ್ಲಿ ನಿಲ್ಲೋದೇ ಬೇಡ ಅಜ್ಜಿ. ಆ ಪಕ್ಕದ ಗೇಟಿಂದ ನೇರ ಬಿಡ್ತೀವಿ, ಬನ್ನಿ."

ಇಬ್ಬರೂ ಆ ಕಡೆ ಹೆಜ್ಜೆ ಇಟ್ಟಿದ್ದೇ ತಡ...

"ಓಹೋ! ನಾವೇನು ಇಲ್ಲಿ ಕಡ್ಲೆಕಾಯಿ ತಿನ್ನೋಕೆ ನಿಂತಿದ್ದೀವಾ?" ಹಳದಿ ಟೀ ಶರ್ಟಿನವರು ಗುಡುಗಿದರು.

"ಸರ್, ಆ ಮಗೂಗೆ ಕಾಲು..." ರೇಷ್ಮಾ ಹೇಳಹೊರಟಳು.

"ಕಾಲಿಗೇನಮ್ಮಾ ಆಗಿದೆ? ಚೆನ್ನಾಗೇ ನಡ್ಕೊಂಡು ಬಂದ್ಲಲ್ಲ!"

ಮುಂದಿನಿಂದ ಯಾರೋ ಹೆಂಗಸು ಅಂದರು, "ಹೋಗ್ಲಿ ಬಿಡ್ರೀ... ಪಾಪ, ಏನೋ ಕಾಯಿಲೆ ಇರಬೇಕು."

ಸಿಂಚನಳಿಗೆ ಗುಡುಗಿದ ಮಾತಿಗಿಂತ ಆ 'ಪಾಪ'ವೇ ಹೆಚ್ಚು ಚುಚ್ಚಿತು. ಅಲ್ಲೇ ನಿಂತುಬಿಟ್ಟಳು.

"ಬೇಡ ಅಜ್ಜಿ, ಮನೆಗೆ ಹೋಗೋಣ."

"ಕಾರ್ಡ್ ತೋರಿಸಿ ಹೋಗೋದು ತಪ್ಪಲ್ಲ ಕಣೇ. ಅದು ನಿನ್ನ ಹಕ್ಕು."

"ಗೊತ್ತು ಅಜ್ಜಿ... ಆದ್ರೆ ಒಂದೋ ಬೈತಾರೆ, ಇಲ್ಲಾ ಪಾಪ ಅಂತಾರೆ. ನಂಗೆ ಎಲ್ಲರ ಥರ ಕ್ಯೂನಲ್ಲೇ ಬರೋ ಆಸೆ. ನಿಲ್ಲೋಕೇ ಆಗಲ್ವಲ್ಲ..." ಅವಳ ಕಣ್ಣು ತುಂಬಿತು.

ಪುಟ್ಟಗೌರಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದರು. ಆಗಲೇ ಕಿವಿಯಲ್ಲಿ ಒಂದು ಹಳೇ ಸದ್ದು ಕೇಳಿದ ಹಾಗಾಯಿತು... ಸರ್ರ್... ಸರ್ರ್... ಕಲ್ಲಿನ ಮೇಲೆ ಬಿಂದಿಗೆ ಜರುಗುವ ಸದ್ದು!

ಅವರು ಬೆಳೆದ ವಠಾರದಲ್ಲಿ ಎಲ್ಲ ಮನೆಗೂ ಒಂದೇ ನಲ್ಲಿ. ಬೆಳಕು ಹರಿಯುವ ಮೊದಲೇ ಹೆಂಗಸರ ಸಾಲು, ಜಗಳ, ನಗು, ಯಾರ ಮನೆಯಲ್ಲಿ ಏನು ಹುಳಿ ಎಂಬ ಸುದ್ದಿ...

ಆ ಸಾಲಿನಲ್ಲಿ ಒಂದು ಹಿತ್ತಾಳೆ ಬಿಂದಿಗೆ ಮಾತ್ರ ಒಂಟಿಯಾಗಿ ನಿಂತಿರುತ್ತಿತ್ತು. ಅದು ಚಿನ್ನತಾಯಕ್ಕನದು. ಆಕೆಗೆ ಒಂದು ಕಾಲು ಸೊರಗಿತ್ತು. ಬಿಂದಿಗೆ ಇಟ್ಟು, ಜಗಲಿಯ ಮೇಲೆ ಕೂತು, ಅಲ್ಲಿಂದಲೇ ಎಲ್ಲರನ್ನೂ ರೇಗಿಸುತ್ತಿದ್ದಳು.

ಸಾಲು ಮುಂದೆ ಹೋದಾಗ, ಹಿಂದಿದ್ದವರು ತಮ್ಮ ಕೊಡದ ಜೊತೆ ಆ ಬಿಂದಿಗೆಯನ್ನೂ ಜರುಗಿಸುತ್ತಿದ್ದರು. ಯಾರೂ ಹೇಳಿಕೊಟ್ಟಿದ್ದಲ್ಲ. ಯಾರೂ 'ಪಾಪ' ಅಂದದ್ದೂ ಇಲ್ಲ. ನಲ್ಲಿಯ ಹತ್ತಿರ ಬಂದಾಗ ಒಂದೇ ಕೂಗು... "ಚಿನ್ನತಾಯಕ್ಕಾ, ನಿನ್ ಸರದೀ!"

ಪುಟ್ಟಗೌರಮ್ಮ ದಾಪುಗಾಲಿಡುತ್ತ ವಾಪಸು ಬಂದರು. ತಾವು ಮೊದಲು ನಿಂತಿದ್ದ ಜಾಗದಲ್ಲೇ, ಹಳದಿ ಟೀ ಶರ್ಟಿನವರ ಮುಂದೆ, ವೈರ್ ಬುಟ್ಟಿಯನ್ನು ಇಟ್ಟರು.

"ನೋಡಪ್ಪಾ, ಇದು ನನ್ನ ಮೊಮ್ಮಗಳ ಜಾಗ. ಅವಳು ಆ ಹೊಂಗೆ ಮರದಡಿ ಕೂತಿರ್ತಾಳೆ. ನೀನು ಮುಂದಕ್ಕೆ ಹೋದಾಗ ಇದನ್ನೂ ವಸಿ ಜರುಗಿಸು."

"ನಾನಾ?" ಹಳದಿ ಟೀ ಶರ್ಟಿನವರು ಕಕ್ಕಾಬಿಕ್ಕಿಯಾದರು.

"ಹೂಂ, ನೀನೇ. ಸಾಲಿನ ನ್ಯಾಯ ಇಲ್ಲಿ ನಿನಗೇ ತಾನೇ ಚೆನ್ನಾಗಿ ಗೊತ್ತಿರೋದು?"

ಸುತ್ತ ನಿಂತವರೆಲ್ಲ ಗೊಳ್ ಎಂದು ನಕ್ಕರು. ಆ ಮನುಷ್ಯನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಅಜ್ಜಿಯ ಜೊತೆ ಮರದಡಿ ಕೂತ ಸಿಂಚನಳ ಕಣ್ಣು ಬುಟ್ಟಿಯ ಮೇಲೇ...

ಸಾಲು ಜರುಗಿತು. ಬುಟ್ಟಿ ಜರುಗಲಿಲ್ಲ. ಆ ಮನುಷ್ಯ ಅದನ್ನು ದಾಟಿ ಒಂದು ಹೆಜ್ಜೆ ಮುಂದಿಟ್ಟೇಬಿಟ್ಟರು.

ಸಿಂಚನ ಅಜ್ಜಿಯ ಸೆರಗು ಹಿಡಿದಳು.

ಆ ಮನುಷ್ಯ ನಿಂತರು. ತಿರುಗಿ ಬುಟ್ಟಿ ನೋಡಿದರು. ಮರದಡಿ ಕೂತ ಹುಡುಗಿಯನ್ನು ನೋಡಿದರು. ಹಿಂದಕ್ಕೆ ಬಂದು ಕಾಲಿನಿಂದ ತಳ್ಳಲು ಹೋದವರು, ಯಾಕೋ ಕಾಲು ಹಿಂದೆಗೆದು, ಬಗ್ಗಿ... ಎರಡೂ ಕೈಯಿಂದ ಎತ್ತಿ ಮುಂದೆ ಇಟ್ಟರು.

ಆಮೇಲೆ ಪ್ರತಿ ಸಲವೂ ಹಾಗೇ.

ದೋಣಿ ಹತ್ತಿರವಾದಾಗ ಕಾಲೇಜು ಹುಡುಗರ ಗುಂಪೊಂದು ಬುಟ್ಟಿಯ ಜಾಗಕ್ಕೆ ನುಗ್ಗಿತು.

"ಬರೀ ಬುಟ್ಟಿ ತಾನೇ ಅಂಕಲ್?"

"ಬುಟ್ಟಿ ಅಲ್ಲ ಕಣ್ರಯ್ಯಾ!" ಅದೇ ಗುಡುಗು. "ಅಲ್ಲೊಂದು ಮಗು ನಿಂತವ್ಳೆ! ಹಿಂದಕ್ಕೆ ಹೋಗ್ರೀ!"

ಹುಡುಗರು ತೆಪ್ಪಗೆ ಹಿಂದೆ ಹೋದರು. ಹಳದಿ ಟೀ ಶರ್ಟಿನವರು ಮರದ ಕಡೆ ತಿರುಗಿ ಕೈ ಬೀಸಿದರು.

"ಪುಟ್ಟೀ... ಬಾರವ್ವಾ! ನಿನ್ ಸರದಿ ಬಂತು!"

ಪುಟ್ಟಗೌರಮ್ಮನಿಗೆ ಎದುರಿದ್ದದ್ದೆಲ್ಲ ಮಂಜಾಯಿತು... ಅದೇ ಕೂಗು. ಅದೇ ನಲ್ಲಿ. ಜಗಲಿಯಿಂದ ಏಳುತ್ತಿದ್ದ ಅದೇ ಚಿನ್ನತಾಯಕ್ಕ.

ಸಿಂಚನ ಮೆಲ್ಲಗೆ ನಡೆದು ಬಂದಳು. ಯಾರೂ 'ಪಾಪ' ಅನ್ನಲಿಲ್ಲ. "ಬೇಗ ಬಾರೇ, ನಿನ್ನಿಂದ ಎಲ್ಲರಿಗೂ ಲೇಟು!" ಎಂದು ಯಾರೋ ಹುಡುಗಿ ಕೂಗಿದಳು.

ಎಲ್ಲರಂತೆ ಬೈಸಿಕೊಂಡ ಖುಷಿಗೆ ಸಿಂಚನ ಕಿಲಕಿಲ ನಕ್ಕಳು!

ದೋಣಿ ಹತ್ತಿ ಇಳಿದ ಸಿಂಚನಳೊಂದಿಗೆ ಅಜ್ಜಿ ಹೊರಡುವಾಗ ರೇಷ್ಮಾ ಓಡಿ ಬಂದಳು. "ಅಜ್ಜೀ... ಆ ಬುಟ್ಟಿ ನಮಗೆ ಕೊಟ್ಟು ಹೋಗ್ತೀರಾ? ನಿಲ್ಲೋಕಾಗದೋರು ದಿನಾ ಬರ್ತಾರೆ. ಕೆಲವರಿಗೆ ಪಕ್ಕದ ಗೇಟು ಬೇಕು... ಕೆಲವರಿಗೆ ಇದು ಬೇಕು."

ಎಲ್ಲಿಗೂ ಬುಟ್ಟಿ ಬಿಟ್ಟು ಹೋಗದ ಪುಟ್ಟಗೌರಮ್ಮ, ಒಳಗಿದ್ದ ಛತ್ರಿ, ಟವೆಲ್ಲು, ಮಾತ್ರೆಯನ್ನೆಲ್ಲ ತೆಗೆದು ಮೊಮ್ಮಗಳ ಕೈಗಿಟ್ಟರು.

"ತಗೋ ಮಗಾ. ಜರುಗಿಸೋಕೆ ಮಾತ್ರ ಜನ ಬೇಕು ನೋಡು..."

ನಿಲ್ಲಲಾಗದವರಿಗೂ ಸಾಲಿನಲ್ಲಿ ಒಂದು ಜಾಗ ಇದ್ದೇ ಇದೆ... ಅದನ್ನು ಕಾಯುವುದು ಹಿಂದೆ ನಿಂತವರ ಕೈಯಲ್ಲಿದೆ.

ಇವತ್ತು ನಿಮ್ಮ ಮುಂದೆ ಯಾರ ಬುಟ್ಟಿ ಇದೆ... ಒಮ್ಮೆ ಬಗ್ಗಿ ನೋಡಿದಿರಾ?